ಪ್ಯಾಟ್ರಿಕ್ ತಾತನ ಎಡೆ

ನಿನ್ನೆ ಕಪಾಟು ಒರೆಸುವಾಗ ಹುಚ್ಚೆಳ್ಳು ಪುಡಿಯ ಬಾಟಲಿ ಕೈಗೆ ಬಂತು. ಮುಚ್ಚಳ ತೆರೆದದ್ದೇ ತಡ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆದು, ನೈರೋಬಿಯ ಈ ಮನೆಯಲ್ಲಿ ಕಳೆದ ಒಂದು ಭಾನುವಾರ ಎದುರಿಗೆ ಬಂದು ಕೂತಿತು.

ಅಂದು ಸೌತ್ ಬಿ ಬಡಾವಣೆಯ ನಮ್ಮ ಊಟದ ಮೇಜಿನ ಸುತ್ತ ಇದ್ದವರು ನಾನು, ಮಗಳು ಅದಿತಿ, ಇದೇ ಊರಿನ ಹರ್ಲಿಂಗ್‌ಹ್ಯಾಮ್‌ನಿಂದ ಟ್ಯಾಕ್ಸಿಯಲ್ಲಿ ಬಂದ ನಿವೃತ್ತ ನರ್ಸ್ ಗ್ಲಾಡಿಸ್. ಉಪ್ಪಿನಕಾಯಿ ಜಾಡಿಗೆ ಒರಗಿಸಿದ ಫೋನಿನಲ್ಲಿ ಕೋಲಾರದ ನಾಗು ಅತ್ತೆ. ನಮ್ಮಪ್ಪನ ಅಕ್ಕ, ಮದುವೆಯಾಗದೆ ತವರಲ್ಲೇ ಉಳಿದು, ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆಲ್ಲ ಎಡೆ ಇಡುವವರು.

ಆ ಎಡೆಗಳಲ್ಲೊಂದು ಪ್ಯಾಟ್ರಿಕ್ ತಾತನದು. ನಗಬೇಡಿ. ನನ್ನ ಮುತ್ತಾತ ಐರ್ಲೆಂಡಿನಿಂದ ಬಂದು ಚಿನ್ನದ ಗಣಿಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದರು. ನಮ್ಮ ತಾಯಮ್ಮಜ್ಜಿಯನ್ನು ಮದುವೆಯಾಗಿ, ಮಗ ಹುಟ್ಟಿದ ಮೇಲೆ ರೈಲ್ವೆ ಕೆಲಸಕ್ಕೆಂದು ಆಫ್ರಿಕಾದ ಹಡಗು ಹತ್ತಿದರು. ಹಡಗಿನಲ್ಲೇ ಜ್ವರ ಬಂದು ತೀರಿಕೊಂಡರೆಂದು ಮನೆಯಲ್ಲಿ ಹೇಳುತ್ತಿದ್ದರು. ಆ ಸುದ್ದಿ ತಂದವರು ಯಾರೆಂದು ಯಾರೂ ಕೇಳಿರಲಿಲ್ಲ. ದೊರೆಗಳ ಊಟ ನಮಗೇನು ಗೊತ್ತು? ಅವರ ಎಲೆಗೆ ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ ಇಟ್ಟು ಕೈಮುಗಿಯುತ್ತಿದ್ದೆವು.

ಕಂಪನಿಯವರು ನನ್ನನ್ನು ಇಲ್ಲಿಗೆ ಕಳಿಸಿದಾಗ ಅತ್ತೆ ಕೇಳಿದ್ದು ಒಂದೇ. "ಹಡಗಿಂದ ಇಳಿದ್ರೋ ಇಲ್ವೋ, ಅಷ್ಟು ನೋಡಿ ಹೇಳಪ್ಪ. ನಾನು ಹೋಗೋದ್ರೊಳಗೆ ಗೊತ್ತಾಗ್ಬೇಕು."

ನಾನು ಮಹಾ ಪತ್ತೇದಾರನಂತೆ ಸ್ಮಶಾನಗಳನ್ನು ಸುತ್ತಿ, ಮೂವರು ಪ್ಯಾಟ್ರಿಕ್‌ಗಳ ಗೋರಿ ಕಂಡು, ಅಡ್ಡಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲದ್ದರಿಂದ ಯಾರು ನಮ್ಮವರೆಂದು ತಿಳಿಯದೆ ಮೂವರಿಗೂ ಹೂವಿಟ್ಟು, ಜೊತೆಗೆ ಫೋನ್ ನಂಬರಿನ ಚೀಟಿಯನ್ನೂ ಇಟ್ಟು ಬಂದೆ. ಮೂರನೆಯವರ ಮೊಮ್ಮಗಳು ಗ್ಲಾಡಿಸ್. ಚೀಟಿ ನೋಡಿ ಫೋನ್ ಮಾಡಿದ್ದರು.

ಆ ಭಾನುವಾರ ನಮ್ಮ ತಾತ, ಗ್ಲಾಡಿಸ್ ಅವರ ಅಜ್ಜ, ಇಬ್ಬರ ಫೋಟೋಗಳನ್ನೂ ಪಕ್ಕಪಕ್ಕ ಇಟ್ಟೆವು. ನಮ್ಮವರ ಮುಖ ಟೋಪಿಯ ನೆರಳಲ್ಲಿ, ಅವರ ಅಜ್ಜನದು ಗಡ್ಡದಲ್ಲಿ. ಒಮ್ಮೆ ಇವರೇ ಎನ್ನಿಸುವುದು, ಮರುಕ್ಷಣ ಯಾರೋ ಎನ್ನಿಸುವುದು. ಸೋತು ಊಟಕ್ಕೆ ಬಡಿಸಿದೆ. ತಾಯಮ್ಮಜ್ಜಿಯ ಕಾಲದಿಂದ ನಮ್ಮ ಮನೆಯಲ್ಲಿ ಕುಟ್ಟುತ್ತ ಬಂದ ಪುಡಿಯ ಈ ಬಾಟಲಿಯನ್ನು ಗ್ಲಾಡಿಸ್ ಎತ್ತಿ ಮೂಸಿದರು. ಪುಡಿಯನ್ನು ಆಲೂಗಡ್ಡೆ ಪಲ್ಯದ ಮೇಲೆ ಉದುರಿಸಿ ಬಾಯಿಗಿಟ್ಟವರು ಮತ್ತೊಂದು ತುತ್ತಿಗೆ ಇನ್ನಷ್ಟು ಉದುರಿಸಿಕೊಂಡರು.

"ಇದು ನಿಮಗೆ ಹೇಗೆ ಗೊತ್ತು?" ಅವರ ಇಂಗ್ಲಿಷನ್ನು, ಅಂದು ಫೋನಿನಲ್ಲಿದ್ದ ಅತ್ತೆಗೆ ಹೇಳಿದಂತೆಯೇ, ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ. "ಭಾನುವಾರ ಅಜ್ಜ ಯಾರನ್ನೂ ಒಲೆ ಹತ್ತಿರ ಬಿಡುತ್ತಿರಲಿಲ್ಲವಂತೆ. ಕಪ್ಪು ಕಾಳು ಹುರಿದು, ಬೆಳ್ಳುಳ್ಳಿ ಹಾಕಿ ಕುಟ್ಟಿ, ಆಲೂಗಡ್ಡೆ ಮೇಲೆ ಹಾಕುತ್ತಿದ್ದನಂತೆ. ಅಮ್ಮನೂ ಹಾಗೇ ಮಾಡುತ್ತಿದ್ದಳು. ನಾವು ಅದನ್ನು ಐರ್ಲೆಂಡಿನ ಅಡುಗೆ ಅಂತಲೇ ತಿಳಿದಿದ್ದೆವು!"

ಅದಿತಿ ನನ್ನ ಮುಖ ನೋಡಿದಳು. "ಅಪ್ಪಾ, ಸೋ ಹಿ ಡಿಡ್ ನಾಟ್ ಡೈ?"

ಹೊಸ ಅತ್ತೆ ಸಿಕ್ಕರೆಂದು ಗ್ಲಾಡಿಸ್ ಕಾಲಿಗೆ ಬೀಳಬೇಕೋ, ತಾತನ ಫೋಟೋ ಮಗುಚಿ ಇಡಬೇಕೋ ನನಗೆ ತಿಳಿಯಲಿಲ್ಲ. ಕೇಳದವರಿಗೆಲ್ಲ ಇನ್ನಷ್ಟು ಪಲ್ಯ ಬಡಿಸಿದೆ.

"ಹಂಗಾದ್ರೆ ಬಿಟ್ಟು ಹೋದ," ಎಂದಿತು ಫೋನು.

"ಅವರೇ ಅಂತ ಹೇಗೆ ಹೇಳೋದು ಅತ್ತೆ?"

"ಸುಮ್ನಿರೋ. ಹುಚ್ಚೆಳ್ಳು ಕುಟ್ಟೋ ದೊರೆ ಇನ್ನೊಬ್ಬ ಇರ್ತಾನಾ? ಅಲ್ಲಿ ಕೂತು ನಮ್ಮಜ್ಜಿ ಕೈರುಚಿ ತಿಂತಿದ್ದ. ನಾನಿಲ್ಲಿ ಸಪ್ಪೆ ಆಲೂಗಡ್ಡೆ ಬೇಯಿಸ್ತಾ ಕೂತೆ, ದಡ್ಡಿ!"

ಫೋನ್ ಕಟ್ಟಾಯಿತು. ಆಮೇಲೆ ಎಷ್ಟೋ ವಾರ ಅತ್ತೆ ಮಾತೇ ಆಡಲಿಲ್ಲ. ತಾತನ ಎಡೆ ನಿಂತೇ ಹೋಯಿತು ಎಂದುಕೊಂಡೆ. ನಿಲ್ಲಬಾರದು ಎಂದು ನನಗೇಕೆ ಅನ್ನಿಸಿತೋ, ಅದೂ ಅರ್ಥವಾಗಲಿಲ್ಲ.

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ವಿಡಿಯೋ ಕರೆ ಬಂತು. ತಾಯಮ್ಮಜ್ಜಿಯ ಎಲೆ ತುಂಬಿತ್ತು. ಪಕ್ಕದ ಎಲೆ ಖಾಲಿ.

"ತಾತನಿಗೆ?" ಎಂದೆ.

"ಕಾಯ್ಲಿ," ಎಂದರು ಅತ್ತೆ.

ಒಂದು ಗಂಟೆ ಬಿಟ್ಟು ಮತ್ತೆ ಕರೆ ಮಾಡಿ ತೋರಿಸಿದರು. ಆಲೂಗಡ್ಡೆಯ ಮೇಲೆ ಹುಚ್ಚೆಳ್ಳು ಪುಡಿ ಇತ್ತು.