ಜಡೆ ಹಾಕುವಷ್ಟು ಹೊತ್ತು

ಮಾನವ ಸಾಗಣೆಯನ್ನು ಗುರುತಿಸುವುದು ಹೇಗೆಂದು ಬಡಾವಣೆಗಳ ಮಹಿಳಾ ಪೊಲೀಸರಿಗೆ ವಿಜಯವಾಡದಲ್ಲಿ ಎರಡು ದಿನದ ತರಬೇತಿ ಇತ್ತು. ವಿಶಾಖಪಟ್ಟಣದಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದ ನನ್ನನ್ನು ಅಲ್ಲಿಗೆ ಕರೆದದ್ದು ಕನ್ನಡಕ್ಕಾಗಿ. ನಮ್ಮ ಕಡೆಯ ಹುಡುಗಿಯರು ಸಿಕ್ಕಾಗ ಭಾಷೆ ತಿಳಿಯದೆ ಇವರು ಒದ್ದಾಡುತ್ತಿದ್ದರಂತೆ. ಒಪ್ಪಿಕೊಂಡ ಮೇಲೆ ಗೊತ್ತಾಯಿತು, ನನಗೊಂದು ಪಾತ್ರವೂ ಇದೆ: ಕೆಲಸ ಕೊಡಿಸುತ್ತೇನೆಂದು ಹುಡುಗಿಯನ್ನು ಕರೆದೊಯ್ಯುವ ಚಿಕ್ಕಪ್ಪ. ಯಾರಾದರೂ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿ, ಅದು ನಾಟಕವೆಂಬ ಒಕ್ಕಣೆ ಹಾದಿಯಲ್ಲೇ ಉದುರಿ, ಬರೀ ನನ್ನ ಮುಖ ನಮ್ಮೂರು ಧಾರವಾಡ ತಲುಪಿದರೆ ಏನು ಗತಿ? ರೈಲು ಅನಕಾಪಲ್ಲಿ ದಾಟುವಷ್ಟರಲ್ಲೇ ಇಷ್ಟೆಲ್ಲ ಯೋಚಿಸಿ ಮುಗಿಸಿದ್ದೆ. ಆದರೂ ಇಳಿದು ವಾಪಸಾಗಲಿಲ್ಲ. ಹೆದರಿಕೆಗಿಂತ ಕುತೂಹಲ ಒಂದು ಗುಲಗಂಜಿಯಷ್ಟು ಹೆಚ್ಚು ತೂಗಿತ್ತು.

ಸಭಾಂಗಣವನ್ನೇ ರೈಲ್ವೆ ಪ್ಲಾಟ್‌ಫಾರ್ಮ್ ಎಂದುಕೊಂಡ ಆ ನಾಟಕದಲ್ಲಿ ನನ್ನನ್ನು ತಡೆಯಬೇಕಾದವರು ಆಟೋನಗರದ ಕಡೆಯ ಒಬ್ಬ ಮಹಿಳಾ ಪೊಲೀಸ್. ಮೂವತ್ತರೊಳಗಿನ ವಯಸ್ಸು. ಇನ್ನೊಬ್ಬ ಶಿಬಿರಾರ್ಥಿ ಹುಡುಗಿಯಾಗಿ ತಲೆತಗ್ಗಿಸಿ ನನ್ನ ಪಕ್ಕ ನಿಂತಿದ್ದರು.

"ಬಾಬಾಯಿಗಾರೂ, ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ," ಎಂದು ತೆಲುಗಿನಲ್ಲಿ, ಚಿಕ್ಕಪ್ಪನವರೇ ಎಂದೇ ಕರೆದು, ಆಕೆ ಕುರ್ಚಿ ಎಳೆದುಕೊಟ್ಟರು. ಊಟವಾಯಿತೇ ಎಂದು ವಿಚಾರಿಸಿದರು. ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ, ಹುಡುಗಿ ಏನಾಗಬೇಕು, ಎಲ್ಲವನ್ನೂ ನನ್ನನ್ನೇ ಕೇಳಿದರು. ಅಷ್ಟು ಮರ್ಯಾದೆ ನನಗೆ ಬ್ಯಾಂಕಿನಲ್ಲೂ ಸಿಕ್ಕಿಲ್ಲ. ಸುಳ್ಳುಗಳು ತಾವಾಗಿಯೇ ಬಂದವು. ಹುಡುಗಿಯ ಆಧಾರ್ ಕಾರ್ಡನ್ನು ನನ್ನ ಜೇಬಿನಿಂದ ತೆಗೆದು ತೋರಿಸಿದೆ. ಥ್ಯಾಂಕ್ಸ್ ಹೇಳಿ ನನಗೇ ಹಿಂದಿರುಗಿಸಿದರು.

ತರಬೇತಿ ಕೊಡುತ್ತಿದ್ದ ಮೇಡಂ ಕೇಳಿದರು, "ಹುಡುಗಿಯ ದನಿ ಹೇಗಿತ್ತಮ್ಮಾ?"

ಆಕೆ ಹೇಳಿದರು, "ಹಿರಿಯರು ಎದುರಿಗಿರುವಾಗ ಅವರನ್ನು ಬಿಟ್ಟು ಹುಡುಗಿಯನ್ನು ಮಾತಾಡಿಸೋದು ಹೇಗೆ ಮೇಡಂ?"

"ಅದಕ್ಕೇ ಸಾಗಿಸೋರು ಜೊತೆಗೆ ಹಿರಿಯರನ್ನು ಕಳಿಸೋದು."

ಬೇರೆ ಕೋಣೆಗೆ ಕರೆದೊಯ್ದು ಮಾತಾಡಿಸಬೇಕೆಂದು ಕೈಪಿಡಿಯಲ್ಲಿತ್ತು. "ಪ್ಲಾಟ್‌ಫಾರ್ಮಿಗೆ ಕೋಣೆ ಹೊತ್ಕೊಂಡು ಹೋಗೋದಾ?" ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಮಧ್ಯಾಹ್ನ ಅದೇ ಆಟ ಮತ್ತೆ. ಈ ಸಲ ಆಕೆ ನನ್ನತ್ತ ನೋಡಲೇ ಇಲ್ಲ. "ಜಡೆಯೆಲ್ಲ ಬಿಚ್ಚಿ ಹೋಗಿದೆಯಲ್ಲ ತಾಯೀ, ಹೀಗೇ ಪ್ರಯಾಣ ಮಾಡ್ತಾರಾ? ಬಾ," ಎಂದು ಹುಡುಗಿಯನ್ನು ಕಂಬದಾಚೆ ಕೂರಿಸಿಕೊಂಡು ಬಾಚಣಿಗೆ ತೆಗೆದರು. ನಾನು ಹಿಂದೆಯೇ ಹೊರಟೆ.

"ಬಾಬಾಯಿಗಾರೂ, ಹೆಂಗಸರು ತಲೆ ಬಾಚೋ ಕಡೆ ನಿಮಗೇನು ಕೆಲಸ?"

ಖಳನಾಯಕನ ಪಾತ್ರವನ್ನೂ ಮರೆತು ಎರಡು ಹೆಜ್ಜೆ ಹಿಂದೆ ಸರಿದೆ. ಕಂಬದಾಚೆ ಏನು ಮಾತಾಡುತ್ತಿದ್ದಾರೆಂದು ಕಿವಿ ಎಷ್ಟು ನಿಗುರಿಸಿದರೂ ಒಂದಕ್ಷರ ಕೇಳಿಸಲಿಲ್ಲ. ಚಹಾ ಹೊತ್ತಿನಲ್ಲಿ ಕೇಳಿದೆ. ಆಕೆ ನನ್ನ ಫೋನ್ ನಂಬರ್ ಮಾತ್ರ ಬರೆದುಕೊಂಡರು.

ತಿಂಗಳ ಮೇಲೆ ಒಂದು ಬೆಳಿಗ್ಗೆ, ವಿಶಾಖಪಟ್ಟಣದ ಪೆಂಡುರ್ತಿಯ ನನ್ನ ಮನೆಯಲ್ಲಿ ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರನೇ ಸಲ ನೋಡುತ್ತಿದ್ದಾಗ ಆಕೆಯ ಫೋನ್ ಬಂತು. ವಿಜಯವಾಡ ಸ್ಟೇಷನ್ನಿನಿಂದ.

"ಬಾಬಾಯಿಗಾರೂ, ಕೈಯಲ್ಲಿ ಜಡೆ ಇದೆ. ಹುಡುಗಿಗೆ ತೆಲುಗು ಬರಲ್ಲ, ಕನ್ನಡ ಅನಿಸುತ್ತೆ. ಜೊತೆಗೆ ಬಂದವನು ದೂರ ನಿಂತಿದ್ದಾನೆ, ನಮ್ಮವರೊಬ್ಬರು ಅವನ ಟಿಕೆಟ್ ನೋಡ್ತಿದ್ದಾರೆ. ರೈಲು ಇನ್ನೇನು ಹೊರಡುತ್ತೆ. ಮಾತಾಡಿ."

ಕೇಳಬೇಕಾದ ಪ್ರಶ್ನೆಗಳ ಪಟ್ಟಿಯನ್ನೇ ಬಾಯಿಪಾಠ ಮಾಡಿದ್ದೆ. ಒಂದೂ ನೆನಪಾಗಲಿಲ್ಲ.

"ಯಾ ಊರವ್ವ ನಿಂದು?"

"ರಾಯಚೂರ ಕಡೇರಿ."

"ಅಂವ ಯಾರು?"

"ಗೊತ್ತಿಲ್ರಿ. ಕೆಲಸ ಕೊಡಸ್ತೀನಿ ಅಂದಾನ್ರಿ. ನನ್ನ ಫೋನು ಅವನ ಕಡೆ ಐತ್ರಿ." ಆಮೇಲೆ ದನಿ ತಗ್ಗಿತು. "ನಾ ಈ ಗಾಡಿ ಹತ್ತಲೇಬೇಕೇನ್ರಿ?"

ಒಂದು ಷರಟು ಕೊಳ್ಳುವುದಕ್ಕೂ ಮೂವರನ್ನು ಕೇಳುವವನು ನಾನು. ಆಗ ಪಕ್ಕದಲ್ಲಿ ಯಾರೂ ಇರಲಿಲ್ಲ.

"ಬ್ಯಾಡವ್ವ," ಅಂದೆ. "ಆ ಅಕ್ಕಾರ ಕೂಡನ ನಿಲ್ಲು."

ರೈಲು ಕೂಗಿತು. ಗಾಲಿಗಳ ಸದ್ದು ಒಂದೊಂದೇ ಬೋಗಿಯಾಗಿ ಹಾದು ಹೋಗುವವರೆಗೂ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೆ. ಸದ್ದು ಪೂರ್ತಿ ಅಡಗಿದ ಮೇಲೆ ಸಣ್ಣ ದನಿಯೊಂದು ಕೇಳಿಸಿತು.

"ನಿಂತೀನ್ರಿ."