ಹಲಗೆಯ ಎಡ ಅಂಚು

ಬೆಳಗಿನ ಹೊತ್ತು. ಲೇತ್ ಮುಂದೆ ಕೂತು ಹಾಲೆ ಮರದ ತುಂಡೊಂದನ್ನು ಕಡೆಯುತ್ತಿದ್ದೆ. ಉಳಿಯ ಮೇಲಿಟ್ಟಿದ್ದ ಎಡಗೈ ತಾನಾಗಿ ಜಾರಿ ತೊಡೆಯ ಮೇಲೆ ಬಿತ್ತು. ಎತ್ತಲು ಹೋದೆ. ಅದು ಯಾರದ್ದೋ ಕೈಯಾಗಿತ್ತು.

ಚನ್ನಪಟ್ಟಣದ ಬೊಂಬೆ ಕಾರ್ಖಾನೆಯೊಂದರಲ್ಲಿ ನಾನು ಕಸುಬುದಾರ. ಜೊತೆಯವರು ಆಟೋದಲ್ಲಿ ಹಾಕಿಕೊಂಡು ರಾಮನಗರದ ಆಸ್ಪತ್ರೆಗೆ ಓಡಿದರು. ಸಿಟಿ ಸ್ಕ್ಯಾನ್ ಆಯಿತು. ಸ್ಟ್ರೋಕ್, ಮೆದುಳಿನ ಬಲಭಾಗದಲ್ಲಿ ಎಂದರು.

ದೇವರು ದೊಡ್ಡವನು, ಕೈ ಬೇಗ ತಿರುಗಿ ಬಂತು. ಡಿಸ್ಚಾರ್ಜ್ ದಿನ ಬೆರಳು ಮಡಚಿ ಬಿಚ್ಚಿ ತೋರಿಸಿ, "ಯಾವಾಗ ಕೆಲ್ಸಕ್ಕೆ ಹೋಗ್ಲಿ ಸಾರ್?" ಎಂದೆ. ಡಾಕ್ಟರ್ ನಗಲಿಲ್ಲ. "ಎಡಗಡೆ ಗಮನ ಕಡಿಮೆ ಇದೆ. ಯಾರೂ ಹೇಳದೆ ನೀವಾಗಿ ಎಡಕ್ಕೆ ನೋಡೋವರೆಗೂ ಮಷೀನ್ ಹತ್ತಿರ ಹೋಗಬೇಡಿ" ಎಂದರು. ಲೇತಿನ ಮೋಟರು, ಬೆಲ್ಟು ಎಲ್ಲ ಕೂತವನ ಎಡಕ್ಕೇ ಇರುತ್ತವೆ. ಆದರೂ ನನಗೆ ನಗು ಬಂತು. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಇಪ್ಪತ್ತು ವರ್ಷ ಮಾಡಿದ ಕೆಲಸ ಬಿಟ್ಟರೆ ಬೇರೇನೂ ಬಾರದ ನಾನು ಮನೆಯಲ್ಲಿ ಕೂತು ಏನು ಮಾಡಲಿ?

ಮನೆಗೆ ಬಂದವನೇ ಊಟದ ತಟ್ಟೆಯ ಮೇಲೆ ಜಗಳ ತೆಗೆದೆ. "ಮುದ್ದೆ ಮಾತ್ರ ಹಾಕಿದ್ದೀಯ, ಪಲ್ಯ ಎಲ್ಲಮ್ಮೀ?" ಹೆಂಡತಿ ಭಾಗ್ಯ ನನ್ನ ಮುಖ ನೋಡಿದಳು. "ತಟ್ಟೇಲೇ ಐತಲ್ರೀ" ಎಂದು ತಟ್ಟೆಯನ್ನು ಒಸಿ ತಿರುಗಿಸಿದಳು. ಪಲ್ಯ ಬಂತು. ಕ್ಷೌರವೂ ಅರ್ಧ ಮುಖಕ್ಕೆ ಮುಗಿಯುತ್ತಿತ್ತು.

ಪಾಪ, ಮನೆಯವರು ನನಗೆ ತೊಂದರೆಯಾಗದಿರಲಿ ಎಂದು ಎಲ್ಲವನ್ನೂ ಬಲಕ್ಕೆ ತಂದರು. ಮಂಚವನ್ನು ಬಾಗಿಲು ಬಲಕ್ಕೆ ಬರುವಂತೆ ತಿರುಗಿಸಿದರು. ನೀರಿನ ಚೊಂಬು ಬಲಕ್ಕೆ. ನೋಡಲು ಬಂದ ನೆಂಟರಿಗೆ ಭಾಗ್ಯ ಬಾಗಿಲಲ್ಲೇ, "ಬಲಗಡೆ ಕೂತ್ಕೊಳಿ, ಅವ್ರಿಗೆ ಆ ಕಡೆ ಆಗಲ್ಲ" ಎನ್ನುವಳು. ನಮ್ಮ ಕಡೆ ಕಾಯಿಲೆಯವರನ್ನು ನೋಡಿಕೊಳ್ಳುವುದು ಹೀಗೇ, ಕೇಳುವ ಮೊದಲೇ ಕೈಗೆ ಕೊಡುವುದು. ನಾನು ಮಹಾರಾಜನ ಹಾಗೆ ಇದ್ದೆ. ಆದರೆ ದಿನ ಹೋದಂತೆ ತಟ್ಟೆಯ ಎಡಭಾಗದಲ್ಲಿ ಉಳಿಯುವ ಅನ್ನ ಜಾಸ್ತಿಯಾಗುತ್ತಿತ್ತು.

ಬೇಜಾರು ಕಳೆಯಲಿ ಎಂದು ಕಾರ್ಖಾನೆಯಿಂದ ಒಂದು ಆಟದ ಪೆಟ್ಟಿಗೆ ಕಳಿಸಿದರು. ಹೊರದೇಶದ ಆರ್ಡರ್. ಅದರ ಕಾಯಿಗಳನ್ನು ಕಡೆದು ಅರಗಿನ ಬಣ್ಣ ಕೊಟ್ಟವನು ನಾನೇ, ಆಟ ಮಾತ್ರ ಗೊತ್ತಿರಲಿಲ್ಲ. ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಮಾಡುವ ತಮ್ಮ ನಂಜುಂಡ ಇಂಗ್ಲಿಷ್ ಓದಿ ಹೇಳಿಕೊಟ್ಟ. ಹಲಗೆಯ ತುಂಬ ಜೇನುಗೂಡಿನಂತೆ ಆರು ಮೂಲೆಯ ಮನೆಗಳು. ಹಳದಿಗೆ ಎಡ ಮತ್ತು ಬಲ ಅಂಚು, ಹಸಿರಿಗೆ ಮೇಲಿನ ಮತ್ತು ಕೆಳಗಿನ ಅಂಚು. ಸರದಿಗೆ ಒಂದು ಕಾಯಿ. ಇಟ್ಟದ್ದನ್ನು ಕದಲಿಸುವ ಹಾಗಿಲ್ಲ, ಹೊಡೆಯುವ ಹಾಗೂ ಇಲ್ಲ. ತನ್ನ ಎರಡು ಅಂಚುಗಳನ್ನು ಕಾಯಿಗಳ ಸಾಲಿನಿಂದ ಮೊದಲು ಕೂಡಿಸಿದವನು ಗೆದ್ದ.

ಜೊತೆಗಿದ್ದ ಪುಸ್ತಕದಲ್ಲಿ ಒಗಟುಗಳಿದ್ದವು. ನಂಜುಂಡ ಕಾಯಿಗಳನ್ನು ಚಿತ್ರದಂತೆ ಜೋಡಿಸಿ ಕೊಡುವನು. ಹಳದಿಯ ಸರದಿ. ಗೆಲುವು ಖಚಿತ ಮಾಡುವ ಒಂದೇ ಒಂದು ಮನೆ ಎಲ್ಲೋ ಇದೆ, ಅದನ್ನು ಹುಡುಕಬೇಕು. ಇದರ ಗುಟ್ಟು ನನಗೆ ಬೇಗ ಹತ್ತಿತು. ಎರಡು ಕಾಯಿ ಅಂಟಿಕೊಂಡೇ ಇರಬೇಕಿಲ್ಲ. ನಡುವೆ ಕೂಡಿಸಲು ಎರಡು ಖಾಲಿ ಮನೆ ಇದ್ದರೆ ಸಾಕು, ಎದುರಿನವನು ಒಂದನ್ನು ಮುಚ್ಚಿದರೆ ನಾವು ಇನ್ನೊಂದರಲ್ಲಿ ನುಗ್ಗಬಹುದು. ಕೆರೆ ಏರಿಯ ಮೇಲೆ ಎಮ್ಮೆ ಅಡ್ಡ ಬಂದರೆ ಗದ್ದೆಯ ಬದುವಿನ ಮೇಲೆ ಹೋಗುವುದಿಲ್ಲವೇ, ಹಾಗೆ.

ಕೆಲವು ಒಗಟು ತಕ್ಷಣ ಬಿಡಿಸುತ್ತಿದ್ದೆ. ಕೆಲವಕ್ಕೆ, "ಲೇ ನಂಜುಂಡ, ಪುಸ್ತಕವೇ ತಪ್ಪು ಕಣ್ಲಾ. ಪ್ರಿಂಟ್ ಮಾಡ್ದೋನಿಗೆ ಬುದ್ಧಿ ಇಲ್ಲ" ಎನ್ನುತ್ತಿದ್ದೆ. ಒಂದು ಭಾನುವಾರ ಹಾಗೇ ವಾದ ಹತ್ತಿತು. ನನ್ನ ಎದುರಿಗೆ ಕೂತಿದ್ದ ಅವನು, "ಇರಣ್ಣ, ನಾನೂ ನೋಡ್ತೀನಿ" ಎಂದು ಹಲಗೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಎಡಕ್ಕಿದ್ದದ್ದು ಬಲಕ್ಕೆ ಬಂತು. ನನ್ನ ಕೈ ತಾನಾಗಿ ಹೋಗಿ ಕಾಯಿ ಇಟ್ಟಿತು. ಸರಿಯಾದ ಮನೆ. ನಂಜುಂಡ ಹಲಗೆಯನ್ನು ಮೊದಲಿನಂತೆ ತಿರುಗಿಸಿದ.

ಈಗಷ್ಟೇ ಇಟ್ಟ ಕಾಯಿ ಹಲಗೆಯ ಮೇಲೆ ಇರಲಿಲ್ಲ.

"ಯಾಕ್ಲಾ ತಗದ್ಬುಟ್ಟೆ?" ಎಂದೆ. "ತಗೀಲಿಲ್ಲ ಕಣಣ್ಣ, ಅಲ್ಲೇ ಐತೆ" ಎಂದವನ ದನಿ ಸಣ್ಣಗಾಗಿತ್ತು. ನನ್ನ ಬೆರಳು ಹಿಡಿದು ಎಡಕ್ಕೆ ಎಳೆದುಕೊಂಡು ಹೋಗಿ ಕಾಯಿ ಮುಟ್ಟಿಸಿದ. ಅಷ್ಟು ದಿನ ಹಲಗೆಯ ನಡುವನ್ನೇ ನಾನು ಅದರ ಅಂಚು ಅಂದುಕೊಂಡಿದ್ದೆ. ಕತ್ತಲೆಯಾಗಿದ್ದರೆ ಕತ್ತಲೆ ಅನ್ನಬಹುದಿತ್ತು. ಅಲ್ಲಿ ಕತ್ತಲೆಯೂ ಇರಲಿಲ್ಲ, ಏನೋ ಇಲ್ಲ ಅನ್ನಿಸುತ್ತಲೂ ಇರಲಿಲ್ಲ. ಸ್ಟ್ರೋಕ್ ಹೊಡೆದ ದಿನಕ್ಕಿಂತ ಅವತ್ತು ಹೆಚ್ಚು ಹೆದರಿದೆ. ಡಾಕ್ಟರ್ ಮಾತು ಕೇಳದೆ ಮಷೀನ್ ಮುಂದೆ ಕೂತಿದ್ದರೆ ಕೈ ಎಲ್ಲಿಗೆ ಹೋಗುತ್ತಿತ್ತೋ!

ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ನಮ್ಮ ಮಾತೆಲ್ಲ ಕೇಳಿಸಿಕೊಂಡು ಮೊದಲು ವಿಚಾರಿಸಿದ್ದು ಮಂಚ ಯಾವ ಕಡೆಗಿದೆ ಎಂದು. ಆಮೇಲೆ, "ಇನ್ನು ಯಾರೂ ಬಲಕ್ಕೆ ಕೂರಬೇಡಿ. ಊಟ, ನೀರು, ಮಾತು, ಬೈಗುಳ ಎಲ್ಲ ಎಡದಿಂದಲೇ ಬರಲಿ. ಹುಡುಕಿಕೊಳ್ಳಲಿ ಅವರು" ಎಂದರು. ಭಾಗ್ಯಳ ಕಣ್ಣು ತುಂಬಿತು. "ನಾವೇ ಹಾಳು ಮಾಡ್ಬುಟ್ವಾ ಮೇಡಂ?" "ಪ್ರೀತಿಯಿಂದ ಮಾಡಿದ್ರಿ. ಈಗ ಸ್ವಲ್ಪ ನಿಷ್ಠುರವಾಗಿರಿ" ಎಂದರು. ಒಗಟು ಬಿಡಬೇಡಿ, ಎಡ ಅಂಚಿಗೆ ಎದ್ದು ಕಾಣುವ ಬಣ್ಣ ಹಚ್ಚಿ ಎಂದದ್ದೂ ಅವರೇ.

ಭಾಗ್ಯ ಕೆಂಪು ಅರಗಿನ ಕಡ್ಡಿ ಕಾಯಿಸಿ ಹಲಗೆಯ ಎಡ ಅಂಚಿಗೆ ಉಜ್ಜಿದಳು. ಕೆಂಪು ಕಾಣುವವರೆಗೆ ನಾನು ಉತ್ತರ ಹೇಳುವ ಹಾಗಿರಲಿಲ್ಲ. ಕತ್ತು ತಿರುಗುತ್ತಿತ್ತು, ಮನಸ್ಸು ತಿರುಗುತ್ತಿರಲಿಲ್ಲ. ಬಾಯಾರಿ ಚೊಂಬು ಕೇಳಿದರೆ, "ಹುಡುಕ್ರೀ" ಎಂದು ಅಡುಗೆಮನೆಗೆ ಹೋಗಿಬಿಡುವಳು. ಗಂಡನಿಗೆ ನೀರು ಕೊಡಲಾರದವಳು ಎಂದು ಬೈದಿದ್ದೇನೆ. ಅವಳು ಒಲೆಯ ಮುಂದೆ ನಿಂತು ಅಳುತ್ತಿದ್ದಳು ಎಂದು ಆಮೇಲೆ ನಂಜುಂಡ ಹೇಳಿದ. ಆ ನಿಷ್ಠುರಕ್ಕೆ ನಾನು ಏಳು ಜನ್ಮ ಋಣಿ.

ನಿಧಾನವಾಗಿ ಹಲಗೆ ಅಗಲವಾಯಿತು. ಮೊದಲು ಕೆಂಪು, ಆಮೇಲೆ ಅದರ ಪಕ್ಕದ ಮನೆಗಳು. ಕೊನೆಗೆ ಮೇಡಂ ಕೆಂಪಿನ ಮೇಲೆ ಕಾಗದ ಅಂಟಿಸಿ ಒಗಟು ಕೊಟ್ಟರು. ಗೆಲ್ಲುವ ಮನೆ ಎಡ ಮೂಲೆಯಲ್ಲಿತ್ತು. ಬೆವರಿದೆ, ಆದರೆ ಇಟ್ಟೆ. ಡಾಕ್ಟರ್ ಲೇತಿನಲ್ಲಿ ಹಗುರ ಕೆಲಸಕ್ಕೆ ಒಪ್ಪಿದರು, ಪಕ್ಕದಲ್ಲಿ ಒಬ್ಬರು ಇರಬೇಕು ಎಂದರು. ಪೂರ್ತಿ ವಾಸಿ ಅನ್ನಲಾರೆ. ಸುಸ್ತಾದ ದಿನ ಈಗಲೂ ಎಡ ಭುಜ ಬಾಗಿಲ ಚೌಕಟ್ಟಿಗೆ ಹೊಡೆಯುತ್ತದೆ.

ಮೊದಲ ದಿನ ಭಾಗ್ಯಳೂ ಕಾರ್ಖಾನೆಗೆ ಬಂದಳು. ನಾನು ಕೂತೆ. ಮರ ಸಿಕ್ಕಿಸಿ ಸ್ವಿಚ್‌ಗೆ ಕೈ ಚಾಚಿದವನು ನಿಲ್ಲಿಸಿದೆ.

"ಸೆರಗು ಸಿಗಿಸ್ಕೊಳಮ್ಮೀ, ಬೆಲ್ಟ್ ಹತ್ರ ಐತೆ."

ಅವಳು ಸದ್ದಿಲ್ಲದೆ ನನ್ನ ಎಡಕ್ಕೆ ಬಂದು ನಿಂತಿದ್ದಳು. ನೋಡು ಎಂದು ಯಾರೂ ನನಗೆ ಹೇಳಿರಲಿಲ್ಲ. ಅವಳು ಸೆರಗು ಸಿಗಿಸಿಕೊಳ್ಳಲಿಲ್ಲ, ಅದನ್ನೇ ಮುಖಕ್ಕೆ ಒತ್ತಿಕೊಂಡಳು. ಅವಳು ಕಣ್ಣೊರೆಸಿ ಹಿಂದೆ ಸರಿಯುವವರೆಗೆ ನಾನು ಸ್ವಿಚ್ ಹಾಕಲಿಲ್ಲ.