ಅಜ್ಜಿಯ ವಿಭೂತಿ ಬಟ್ಟಲಲ್ಲಿ ಜ್ವಾಲಾಮುಖಿ

ಲ್ಯಾಬಿಗೆ ಬಣ್ಣ ಹೊಡೆಸುತ್ತಿದ್ದರು. ಧೂಳು ಬೆರೆತೀತೆಂಬ ಭಯಕ್ಕೆ ನನ್ನ ಸಂಶೋಧನೆಯ ಬೂದಿಯನ್ನು ಪುಟ್ಟ ಸೀಸೆಯಲ್ಲಿ ತುಂಬಿ ಚಾಮರಾಜಪೇಟೆಯ ಮನೆಗೆ ತಂದೆ. ಅತಿ ಬುದ್ಧಿವಂತಿಕೆ ಅಂದರೆ ಇದೇ.

ದೂರದ ಗಣಿಯೊಂದರಲ್ಲಿ, ಕಲ್ಲಿದ್ದಲಿನ ಎರಡು ಪದರಗಳ ನಡುವೆ ಬೆರಳು ದಪ್ಪದ ಬಿಳಿಚಿದ ಗೆರೆಯಾಗಿ ಸಿಕ್ಕ ಬೂದಿ ಅದು. ಸುಮಾರು ಇಪ್ಪತ್ತೈದು ಕೋಟಿ ವರ್ಷಗಳ ಹಿಂದೆ ಯಾವುದೋ ಜ್ವಾಲಾಮುಖಿ ಉಗುಳಿದ್ದು. ಭೂಮಿಯ ಮೇಲಿನ ಬಹುಪಾಲು ಜೀವಿಗಳು ಅಳಿದುಹೋದದ್ದೂ ಅದರ ಆಸುಪಾಸಿನಲ್ಲೇ. ಬೂದಿ ಬಿದ್ದದ್ದು ಆ ಸಾವಿಗೆ ಮೊದಲೋ ಆಮೇಲೋ ಎಂದು ನಾನು ಹೇಳಬೇಕಿತ್ತು; ನನ್ನ ಪಿಎಚ್‌ಡಿ ನಿಂತಿದ್ದೇ ಅದರ ಮೇಲೆ. ಗಣಿಯ ಆ ಭಾಗವನ್ನು ಆಗಲೇ ಮುಚ್ಚಿದ್ದರಿಂದ ಇನ್ನೊಮ್ಮೆ ತರುವ ಹಾಗೂ ಇರಲಿಲ್ಲ. ತರಗುಪೇಟೆಯಲ್ಲಿ ಬೇಳೆ ಅಂಗಡಿ ಇಟ್ಟಿದ್ದ ಅಪ್ಪನಿಗೆ ಮಾತ್ರ ಇದೆಲ್ಲ ತಮಾಷೆ. "ಬೂದೀಲಿ ಹರಳು ಆರಿಸೋಕೆ ಅಷ್ಟು ಓದ್ಬೇಕಾ? ಅಂಗಡಿಗ್ ಬಾಮ್ಮ, ಬೇಳೆ ಆರಿಸು, ಸಂಬಳ ಕೊಡ್ತೀನಿ" ಎನ್ನುತ್ತಿದ್ದರು.

ಮರುದಿನ ಬೆಳಿಗ್ಗೆ ನೋಡಿದರೆ ಸೀಸೆ ಖಾಲಿ. ಪೂಜೆ ಮುಗಿಸಿ ಬಂದ ಅಜ್ಜಿಯ ಹಣೆಯ ಮೇಲೆ ಮೂರು ಬೂದು ಗೆರೆಗಳು.

"ಅಜ್ಜೀ! ಏನ್ಮಾಡ್ಬಿಟ್ಟೆ!"

"ಇಷ್ಟು ಹಳೇ ಬೂದಿ ಎಲ್ಲೂ ಸಿಗಲ್ಲ ಅಂತ ನೀನೇ ಅಂದ್ಯಲ್ಲೇ. ಅಂಥದ್ದು ಶಿವನಿಗಲ್ದೆ ಇನ್ಯಾರಿಗೆ?"

ನಾನು ಕೂಗಾಡಿದೆ. ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಅಳುವೇ ಬಂತು. ಕಲಸಿದ ನೀರು ಎಲ್ಲಿ ಎಂದು ಕೇಳಿದೆ. ಅಜ್ಜಿಗೆ ನನಗಿಂತ ಜಾಸ್ತಿ ಕೋಪ ಬಂತು.

"ವಿಭೂತಿ ನೀರ್ನ ಯಾರಾದ್ರೂ ಬಚ್ಚಲಿಗೆ ಚೆಲ್ತಾರಾ? ಬಟ್ಟಲಲ್ಲೇ ಇದೆ. ಸಂಜೆ ದಾಸವಾಳದ ಬುಡಕ್ಕೆ ಹಾಕ್ಬೇಕು."

ಅಕ್ಕಿ ತೊಳೆದಾಗ ಕಲ್ಲು ಉಳಿಯುವ ಹಾಗೆ ಭಾರದ ಹರಳುಗಳೆಲ್ಲ ಬಟ್ಟಲ ತಳದಲ್ಲಿ ಕೂತಿದ್ದವು. ನನಗೆ ಬೇಕಿದ್ದದ್ದೇ ಅವು: ಜಿರ್ಕಾನ್ ಹರಳುಗಳು. ಅವುಗಳೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತ ಬರುತ್ತದೆ. ಎಷ್ಟು ಸೀಸವಾಗಿದೆ ಎಂದು ಅಳೆದರೆ ವಯಸ್ಸು ಸಿಗುತ್ತದೆ. ಬಟ್ಟಲನ್ನು ಹಾಗೇ ಮುಚ್ಚಿ ಗೈಡ್ ಹತ್ತಿರ ಒಯ್ದು ನಡೆದದ್ದೆಲ್ಲ ಹೇಳಿದೆ. ಅವರು ಕಣ್ಣೀರು ಬರುವಷ್ಟು ನಕ್ಕರು. "ಚೂಪಾದ ಹರಳು ಮಾತ್ರ ಆರಿಸ್ಕೋ. ಬೆಂಗಳೂರಿನ ಮರಳು ಸೇರಿದ್ರೂ ಗೊತ್ತಾಗತ್ತೆ, ನಮ್ಮೂರ ಬಂಡೆ ಇದಕ್ಕಿಂತ ಹತ್ತು ಪಾಲು ಮುದುಕ" ಎಂದರು.

ಆ ರಾತ್ರಿ ಊಟಕ್ಕೆ ಕೂತಾಗ ಅಜ್ಜಿಗೆ ಮಹಾಸಾವಿನ ಕಥೆ ಹೇಳಿದೆ. ಅವರ ಕೈ ತಟ್ಟೆಯಲ್ಲೇ ನಿಂತಿತು.

"ಹಂಗಾದ್ರೆ ಅದು ಸಾವಿನ ಬೂದಿನೇನೇ? ನಮ್ಮಲ್ಲಿ ಹೂಳ್ತಾರೆ, ಸುಡಲ್ಲ. ನಾನು ಹಣೆಗೆ ಹಚ್ಕೊಂಡ್ನಲ್ಲೇ!"

ಅಂದಿನಿಂದ ದಿನಾ ಅದೇ ಪ್ರಶ್ನೆ. "ಬಂತಾ ವಯಸ್ಸು? ಮೊದ್ಲಾ, ಆಮೇಲಾ?" ನನ್ನ ಪಿಎಚ್‌ಡಿಯ ಪ್ರಶ್ನೆಯೂ ಅದೇ ತಾನೆ. ಮನೆಯಲ್ಲಿ ಅದಕ್ಕೆ ಉತ್ತರ ಕಾಯುವವರು ಇನ್ನೊಬ್ಬರಿದ್ದಾರೆಂದು ನನಗೆ ಒಳಗೊಳಗೇ ಖುಷಿ.

ಕೊನೆಗೆ ಉತ್ತರ ಬಂತು. ಗೈಡ್ ಬಾಯಿಂದ ಕೇಳಿದವಳೇ ಮೊದಲು ಮನೆಗೆ ಫೋನ್ ಮಾಡಿದೆ.

"ಮೊದ್ಲು ಅಜ್ಜಿ! ಕಾಡೆಲ್ಲಾ ಇನ್ನೂ ಹಸಿರಾಗಿತ್ತು. ಬೂದಿ ಬಿದ್ಮೇಲೂ ಅದರ ಮೇಲೇ ಮತ್ತೆ ಕಾಡು ಬೆಳೀತು."

ಅತ್ತ ಕಡೆಯಿಂದ ದೊಡ್ಡದೊಂದು ನಿಟ್ಟುಸಿರು.

"ಸದ್ಯ. ಇನ್ನೊಂಚೂರು ಮಿಕ್ಕಿದ್ರೆ ತಗೊಂಬಾರೇ."